ಮುಂದೆ ಸೈಕಲ್ ಇದೆ, ಸ್ವಲ್ಪ ತಾಳಿ

ಸಂಪಾದಕರಿಗೆ ನಮಸ್ಕಾರ,

ರಸ್ತೆ ಸುರಕ್ಷತೆ ಅಂದ ತಕ್ಷಣ ಹೆಲ್ಮೆಟ್, ಸೀಟ್ ಬೆಲ್ಟ್, ಕುಡಿದು ಗಾಡಿ ಓಡಿಸುವುದು, ಮಾತೆಲ್ಲ ಇಷ್ಟರ ಸುತ್ತಲೇ ತಿರುಗುತ್ತದೆ. ಅದೆಲ್ಲ ಬೇಕೇ ಬೇಕು. ಆದರೆ ಮುಂದೆ ಒಂದು ಸೈಕಲ್ ಹೋಗುತ್ತಿದ್ದರೆ ಅದರ ಹಿಂದೆ, ಅದರ ಪಕ್ಕದಲ್ಲಿ ಕಾರನ್ನೋ ಬಸ್ಸನ್ನೋ ಲಾರಿಯನ್ನೋ ಹೇಗೆ ಓಡಿಸಬೇಕು ಅನ್ನುವುದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಗಾಡಿ ಕಲಿಯುವಾಗ ರಿವರ್ಸ್ ತೆಗೆಯುವುದನ್ನು ಕಲಿಯುತ್ತೇವೆ, ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತುವುದನ್ನು ಕಲಿಯುತ್ತೇವೆ, ಸೈಕಲ್ ವಿಷಯಕ್ಕೆ ಬಂದಾಗ ಮಾತ್ರ ‘ಹಾರ್ನ್ ಹೊಡಿ, ಪಕ್ಕಕ್ಕೆ ಹೋಗ್ತಾನೆ’ ಅನ್ನುವಲ್ಲಿಗೆ ಪಾಠ ಮುಗಿದುಹೋಗುತ್ತದೆ. ನಾನು ಕಾರೂ ಓಡಿಸುತ್ತೇನೆ, ಸೈಕಲ್ಲೂ ತುಳಿಯುತ್ತೇನೆ. ಎರಡೂ ಕಡೆಯಿಂದ ನೋಡಿ ಅನಿಸಿದ್ದನ್ನು ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ, ಆದರೂ ಕತ್ತರಿಸದೆ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ಸೈಕಲ್ ನೇರವಾಗಿ ಓಡುವುದಿಲ್ಲ. ಅದು ಯಾವ ಕ್ಷಣದಲ್ಲಾದರೂ ಪಕ್ಕಕ್ಕೆ ಸರಿಯಬಹುದು, ಸರಿದೇ ಸರಿಯುತ್ತದೆ. ಅದಕ್ಕೆ ಜಾಗ ಇಟ್ಟುಕೊಂಡು ಓಡಿಸಬೇಕಾದವರು ಹಿಂದೆ ಬರುವ ನಾವು.

ಇದು ಸವಾರನ ಅಜಾಗರೂಕತೆ ಅಲ್ಲ. ಎರಡು ಚಕ್ರದ ಮೇಲೆ ಬೀಳದೆ ಇರಬೇಕಾದರೆ ಸೈಕಲ್ ಯಾವ ಕಡೆ ವಾಲುತ್ತದೋ ಆ ಕಡೆಗೆ ಹ್ಯಾಂಡಲ್ ಒಂಚೂರು ತಿರುಗಲೇಬೇಕು. ತಿರುಗಿದಾಗ ಅದು ಎದ್ದು ಇನ್ನೊಂದು ಕಡೆಗೆ ವಾಲುತ್ತದೆ, ಆಗ ಹ್ಯಾಂಡಲ್ ಆ ಕಡೆಗೆ. ಹೀಗೆ ಸಣ್ಣಸಣ್ಣದಾಗಿ ಆ ಕಡೆ ಈ ಕಡೆ ಹೋಗುತ್ತಲೇ ಅದು ನಿಂತಿರುತ್ತದೆ. ವೇಗ ಇದ್ದಾಗ ಈ ಓಲಾಟ ಕಣ್ಣಿಗೆ ಕಾಣುವುದಿಲ್ಲ. ನಿಧಾನ ಆದಷ್ಟೂ ಜಾಸ್ತಿ ಆಗುತ್ತದೆ. ಸಿಗ್ನಲ್‌ನಲ್ಲಿ ಹಸಿರು ಬಿದ್ದಾಗ ಮೊದಲ ನಾಲ್ಕೈದು ಪೆಡಲ್ ತುಳಿಯುವಷ್ಟರಲ್ಲಿ ಸೈಕಲ್ ಎಷ್ಟು ಓಲಾಡುತ್ತದೆ ಅಂತ ಒಂದು ಸಲ ಗಮನಿಸಿ ನೋಡಿ. ಅಂಥ ಹೊತ್ತಲ್ಲೇ ನಾವು ಅದರ ಪಕ್ಕಕ್ಕೆ ಅಂಟಿಕೊಂಡು ನಿಂತು, ಹಸಿರು ಬಿದ್ದ ಕೂಡಲೇ ಆ್ಯಕ್ಸಿಲರೇಟರ್ ಒತ್ತಿ ಮುಂದೆ ನುಗ್ಗುತ್ತೇವೆ.

ಏರಿನಲ್ಲಿ ಇನ್ನೂ ಕಷ್ಟ. ಹಿಂದಿನ ಕ್ಯಾರಿಯರ್ ಮೇಲೆ ಮೂಟೆ ಕಟ್ಟಿಕೊಂಡು ಏರು ಹತ್ತುತ್ತಿರುವವರನ್ನು ನೋಡಿ. ಸೀಟಿನಿಂದ ಎದ್ದು ನಿಂತು ತುಳಿಯುತ್ತಿರುತ್ತಾರೆ. ಬಲಗಾಲಿಗೆ ಮೈಭಾರ ಬಿದ್ದಾಗ ಸೈಕಲ್ ಎಡಕ್ಕೆ ವಾಲುತ್ತದೆ, ಎಡಗಾಲಿಗೆ ಬಿದ್ದಾಗ ಬಲಕ್ಕೆ. ಹಿಂದೆ ಭಾರ ಜಾಸ್ತಿ ಇರುವುದರಿಂದ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಕೈಯಲ್ಲಿ ಸರಿಯಾಗಿ ನಿಲ್ಲುವುದಿಲ್ಲ. ಅವರ ಕಣ್ಣು ಚಕ್ರದ ಮುಂದಿನ ಎರಡು ಮೀಟರ್ ರಸ್ತೆಯ ಮೇಲೆ, ಉಸಿರು ಕಾಲುಗಳ ಮೇಲೆ. ಹಿಂದೆ ಯಾರು ಬರುತ್ತಿದ್ದಾರೆ ಅಂತ ತಿರುಗಿ ನೋಡುವ ಸ್ಥಿತಿಯಲ್ಲೇ ಅವರು ಇರುವುದಿಲ್ಲ. ನಿಂತರೆ ಮತ್ತೆ ಹತ್ತಿಸುವುದು ಆಗದ ಮಾತು, ಅದಕ್ಕೇ ನಿಲ್ಲುವುದೂ ಇಲ್ಲ. ಹಿಂದಿರುವ ಕಾರಿನವರಿಗೆ ಇಲ್ಲಿ ಮಾಡಬೇಕಾದದ್ದು ಬಲಗಾಲನ್ನು ಸ್ವಲ್ಪ ಮೇಲೆತ್ತುವುದು, ಅಷ್ಟೇ. ಯಾರ ಕೆಲಸ ಸುಲಭ ಅಂತ ನೀವೇ ಹೇಳಿ.

ಇನ್ನು ಸೈಕಲ್ ಸಡನ್ನಾಗಿ ಬಲಕ್ಕೆ ಬಂತು ಅನ್ನುವ ದೂರು. ‘ಇದ್ದಕ್ಕಿದ್ದ ಹಾಗೆ ಅಡ್ಡ ಬಂದ’ ಅನ್ನುತ್ತಾರೆ. ಇದ್ದಕ್ಕಿದ್ದ ಹಾಗೆ ಅಂತ ಕಾರಿನ ಸೀಟಿನಿಂದ ಅನಿಸುತ್ತದೆ, ಸೈಕಲ್ ಸೀಟಿನಿಂದ ಅದಕ್ಕೆ ಕಾರಣ ಸ್ಪಷ್ಟವಾಗಿ ಕಾಣುತ್ತಿರುತ್ತದೆ. ರಸ್ತೆಯ ಅಂಚಿನಲ್ಲೇ ಎಲ್ಲ ಇರುವುದು, ಮಳೆನೀರು ತಂದು ಹಾಕಿದ ಮರಳು, ಒಡೆದ ಗಾಜಿನ ಚೂರು, ಕುಸಿದ ಮ್ಯಾನ್‌ಹೋಲ್ ಮುಚ್ಚಳ, ಉದ್ದಕ್ಕೆ ಕಂಬಿ ಹಾಕಿದ ಚರಂಡಿ ಜಾಲರಿ, ಡಾಂಬರು ಮುಗಿದು ಮಣ್ಣು ಶುರುವಾಗುವ ಕಡೆಯ ನಾಲ್ಕು ಬೆರಳು ಎತ್ತರದ ಅಂಚು. ಕಾರಿನ ಟೈರು ಒಂದು ಗೇಣಿನಷ್ಟು ಅಗಲ, ಅದಕ್ಕೆ ಶಾಕ್ ಅಬ್ಸಾರ್ಬರ್ ಬೇರೆ, ಇವೆಲ್ಲ ಗೊತ್ತೇ ಆಗುವುದಿಲ್ಲ. ಸೈಕಲ್ ಟೈರು ಮೂರೋ ನಾಲ್ಕೋ ಸೆಂಟಿಮೀಟರ್. ಆ ಜಾಲರಿಯ ಸಂದಿಗೆ ಮುಂದಿನ ಚಕ್ರ ಸಿಕ್ಕಿಕೊಂಡರೆ ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹೋಗಿ ಬೀಳುತ್ತಾನೆ. ಅವನು ಬಲಕ್ಕೆ ಸರಿಯಲೇಬೇಕು, ಬೇರೆ ದಾರಿ ಇಲ್ಲ. ಮಳೆಯಲ್ಲಂತೂ ಗುಂಡಿ ಯಾವುದು, ನೀರು ನಿಂತ ನೆಲ ಯಾವುದು ಗೊತ್ತಾಗುವುದಿಲ್ಲ, ರಸ್ತೆಗೆ ಬಳಿದ ಬಿಳಿ ಪಟ್ಟಿ ಕೂಡ ಜಾರುತ್ತದೆ, ರಿಮ್‌ಗೆ ಒತ್ತುವ ಬ್ರೇಕು ಒದ್ದೆಯಾದರೆ ಹಿಡಿಯುವುದೇ ತಡ. ಹಾಗಾಗಿ ಮಳೆ ಬಂದಾಗ ಅಂತರ ಇನ್ನೂ ಜಾಸ್ತಿ ಬೇಕು.

ಅಂತರ ಎಷ್ಟು ಅಂತ ಕೇಳಿದರೆ, ಜಗತ್ತಿನ ಹಲವು ಕಡೆ ಇದನ್ನು ಅಳತೆಯಲ್ಲೇ ಬರೆದಿಟ್ಟಿದ್ದಾರೆ. ಬ್ರಿಟನ್ನಿನ ಹೈವೇ ಕೋಡ್, ಅಂದರೆ ಅಲ್ಲಿನ ರಸ್ತೆ ನಿಯಮಗಳ ಪುಸ್ತಕ, 2022ರ ಜನವರಿಯಲ್ಲಿ ಬದಲಾದಾಗ, ಗಂಟೆಗೆ 30 ಮೈಲಿ ವೇಗದವರೆಗೆ ಸೈಕಲ್ಲಿಗೆ ಕನಿಷ್ಠ 1.5 ಮೀಟರ್ ಬಿಡಬೇಕು, ಅದಕ್ಕಿಂತ ವೇಗವಿದ್ದರೆ ಇನ್ನೂ ಜಾಸ್ತಿ ಬಿಡಬೇಕು ಅಂತ ಬರೆದರು. ಜರ್ಮನಿಯಲ್ಲಿ 2020ರಿಂದ ಊರೊಳಗೆ 1.5 ಮೀಟರ್, ಊರ ಹೊರಗೆ 2 ಮೀಟರ್. ಫ್ರಾನ್ಸ್‌ನಲ್ಲಿ ಊರೊಳಗೆ 1, ಹೊರಗೆ 1.5. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1973ರಲ್ಲೇ ಮೂರು ಅಡಿಯ ನಿಯಮ ಮಾಡಿತ್ತು. ಅಳತೆ ಅಲ್ಲಲ್ಲಿ ಬೇರೆ ಇರಬಹುದು, ಆದರೆ ಮೂರು ಅಡಿಗಿಂತ ಕಡಿಮೆ ಸಾಕು ಅಂತ ಇವರಲ್ಲಿ ಯಾರೂ ಹೇಳಿಲ್ಲ. ಇದನ್ನು ಕಾರಿನೊಳಗೆ ಕೂತು ಅಂದಾಜು ಮಾಡುವುದು ಹೇಗೆ? ನಿಮ್ಮ ಕಾರಿನ ಮುಂಬಾಗಿಲನ್ನು ಪೂರ್ತಿ ತೆರೆದರೆ ಅದು ಸುಮಾರು ಒಂದು ಮೀಟರ್ ಆಚೆ ಬರುತ್ತದೆ. ಆ ಬಾಗಿಲು ಸೈಕಲ್ ಕಡೆಗೆ ತೆರೆದುಕೊಂಡರೂ ಸವಾರನ ಮೊಣಕೈಗೆ ತಾಗಬಾರದು, ಅದರಾಚೆಗೂ ಅರ್ಧ ಮೀಟರ್ ಉಳಿಯಬೇಕು. ಇನ್ನೊಂದು ರೀತಿಯಲ್ಲೂ ಯೋಚಿಸಬಹುದು. ಸವಾರ ನೀವು ದಾಟುತ್ತಿರುವಾಗಲೇ ನಿಮ್ಮ ಕಡೆಗೆ ಮಗ್ಗುಲಾಗಿ ಬಿದ್ದ ಅಂತ ಇಟ್ಟುಕೊಳ್ಳಿ. ಅವನ ತಲೆ ಎಲ್ಲಿಗೆ ಬರುತ್ತದೆ? ಅಲ್ಲಿ ನಿಮ್ಮ ಚಕ್ರ ಇರಬಾರದು. ನನಗೆ ಕಾರು ಓಡಿಸುವಾಗ ಮೀಟರ್ ಲೆಕ್ಕಕ್ಕಿಂತ ಇದೇ ನೆನಪಿಗೆ ಬರುತ್ತದೆ.

ಈಗ ಸ್ವಲ್ಪ ಲೆಕ್ಕ ಹಾಕೋಣ, ಯಾಕೆಂದರೆ ಬಹಳ ಜನ ಇಲ್ಲೇ ಎಡವುತ್ತಾರೆ. ಒಂದು ಲೇನು ಸಾಮಾನ್ಯವಾಗಿ ಮೂರೂವರೆ ಮೀಟರ್ ಅಗಲ ಇರುತ್ತದೆ. ಸೈಕಲ್ ಚಕ್ರ ರಸ್ತೆ ಅಂಚಿನಿಂದ ಮುಕ್ಕಾಲು ಮೀಟರ್ ಒಳಗಿದೆ ಅನ್ನಿ, ಅದಕ್ಕಿಂತ ಅಂಚಿಗೆ ಹೋದರೆ ಮೇಲೆ ಹೇಳಿದ ಗುಂಡಿ, ಜಾಲರಿ ಎಲ್ಲ ಸಿಗುತ್ತವೆ. ಹ್ಯಾಂಡಲ್‌ನ ಅರ್ಧ ಅಗಲ ಸೇರಿಸಿದರೆ ಸವಾರನ ಬಲಗೈ ಅಂಚಿನಿಂದ ಒಂದು ಮೀಟರ್ ದಾಟಿರುತ್ತದೆ. ಅಲ್ಲಿಂದ ಒಂದೂವರೆ ಮೀಟರ್ ಬಿಟ್ಟರೆ ಎರಡೂವರೆ ಆಯಿತು. ಅಲ್ಲಿಂದಾಚೆ ನಿಮ್ಮ ಕಾರಿಗೆ ಬೇಕು 1.8 ಮೀಟರ್. ಒಟ್ಟು ನಾಲ್ಕು ಮೀಟರ್ ಮೀರಿತು, ಲೇನಿರುವುದು ಮೂರೂವರೆ. ಅಂದರೆ ಒಂದೇ ಲೇನಿನೊಳಗೆ ಸೈಕಲ್ಲನ್ನು ಸುರಕ್ಷಿತವಾಗಿ ಓವರ್‌ಟೇಕ್ ಮಾಡುವುದು ಸಾಧ್ಯವೇ ಇಲ್ಲ. ಪಕ್ಕದ ಲೇನಿಗೆ ಹೋಗಲೇಬೇಕು. ಪಕ್ಕದ ಲೇನು ಖಾಲಿ ಇಲ್ಲ ಅಂದರೆ ಓವರ್‌ಟೇಕ್ ಮಾಡುವ ಹೊತ್ತು ಅದಲ್ಲ, ಹಿಂದೆಯೇ ಬನ್ನಿ. ಎದುರಿನಿಂದ ಗಾಡಿ ಬರುತ್ತಿರುವಾಗ ಸೈಕಲ್ಲಿಗೂ ಎದುರು ಗಾಡಿಗೂ ನಡುವೆ ನುಸುಳಿ ಹೋಗುವುದು ಇದೆಯಲ್ಲ, ಅದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ.

ಸೈಕಲ್ ಹಿಂದೆ ಹೋದರೆ ತಡ ಆಗುತ್ತದೆ ಅನ್ನುವವರಿಗೂ ಒಂದು ಲೆಕ್ಕ. ಸೈಕಲ್ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿದ್ದರೆ 200 ಮೀಟರ್ ಹೋಗಲು 40 ಸೆಕೆಂಡ್. ಅದೇ 200 ಮೀಟರ್ ನೀವು 50ರಲ್ಲಿ ಹೋದರೆ 14 ಸೆಕೆಂಡ್ ಚಿಲ್ಲರೆ. ಕಳೆದುಕೊಳ್ಳುವುದು ಅರ್ಧ ನಿಮಿಷಕ್ಕಿಂತ ಕಡಿಮೆ. ಅದೂ ಮುಂದಿನ ಸಿಗ್ನಲ್ ಕೆಂಪಿದ್ದರೆ ಏನೂ ಕಳೆದುಕೊಂಡಿರುವುದಿಲ್ಲ, ನೀವು ಅಲ್ಲಿ ನಿಂತಿರುವಾಗ ಅದೇ ಸೈಕಲ್ ಬಂದು ಪಕ್ಕದಲ್ಲಿ ನಿಲ್ಲುತ್ತದೆ. ಪೇಟೆಯ ರಸ್ತೆಯಲ್ಲಿ ಓಡಿಸುವವರೆಲ್ಲ ಇದನ್ನು ನೋಡಿಯೇ ಇರುತ್ತಾರೆ. ಇಷ್ಟಕ್ಕೆ ಒಬ್ಬರ ಮೈಗೆ ಒರಸಿಕೊಂಡು ಹೋಗುವಂಥ ಅವಸರ ಏನಿದೆ?

ಹಾರ್ನ್ ಬಗ್ಗೆ ನನಗೆ ತುಂಬಾ ಬೇಸರ ಇದೆ. ಕಾರಿನೊಳಗೆ ಗಾಜು ಏರಿಸಿಕೊಂಡು ಕೂತವರಿಗೆ ಅದರ ಸದ್ದು ಹೊರಗೆ ಹೇಗಿರುತ್ತದೆ ಅನ್ನುವ ಅಂದಾಜಿಲ್ಲ. ಸೈಕಲ್ ಸವಾರನ ಕಿವಿಗೂ ಬಸ್ಸಿನ ಹಾರ್ನಿಗೂ ನಡುವೆ ಏನೂ ಇರುವುದಿಲ್ಲ. ತೀರಾ ಹತ್ತಿರ ಬಂದು ಹಾರ್ನ್ ಹೊಡೆದರೆ ಮೈ ಜುಮ್ಮೆಂದು ಹೆಗಲು ಬಿಗಿಯುತ್ತದೆ, ಹೆಗಲು ಬಿಗಿದರೆ ಹ್ಯಾಂಡಲ್ ತಿರುಗುತ್ತದೆ. ಕೆಲವರು ಯಾರಪ್ಪಾ ಅಂತ ಹಿಂತಿರುಗಿ ನೋಡುತ್ತಾರೆ. ಬಲಹೆಗಲ ಮೇಲಿಂದ ಹಿಂದೆ ನೋಡಿದಾಗ ಸೈಕಲ್ ತಾನಾಗಿಯೇ ಬಲಕ್ಕೆ ಸರಿಯುತ್ತದೆ, ಎಷ್ಟು ಅಭ್ಯಾಸ ಇದ್ದವರಿಗೂ ಅಷ್ಟಿಷ್ಟು ಸರಿಯುತ್ತದೆ. ಅಂದರೆ ಯಾವ ಹಾರ್ನನ್ನು ದಾರಿ ಬಿಡಲಿ ಅಂತ ಹೊಡೆದೆವೋ ಅದೇ ಸೈಕಲ್ಲನ್ನು ನಮ್ಮ ದಾರಿಗೆ ತಂದು ಹಾಕುತ್ತದೆ. ಬಾಗಿದ ತಿರುವಿನಲ್ಲಿ, ಬರುತ್ತಿರುವುದು ಗೊತ್ತಾಗಲಿ ಅಂತ, ದೂರದಿಂದಲೇ ಒಂದು ಸಲ ಮೆಲ್ಲಗೆ ಒತ್ತಿದರೆ ತಪ್ಪಿಲ್ಲ. ಬೆನ್ನ ಹಿಂದೆ ಬಂದು ಒತ್ತಿಹಿಡಿಯುವುದು ಮಾತ್ರ ಸುಮ್ನೆ ಹೆದರಿಸುವುದು. ಹಾರ್ನಿಲ್ಲದೆ, ಎಂಜಿನ್ ಸದ್ದೂ ಇಲ್ಲದೆ ಬರುವ ಎಲೆಕ್ಟ್ರಿಕ್ ಗಾಡಿಗಳ ಕಥೆ ಬೇರೆ, ಅವು ಬಂದದ್ದೇ ಸವಾರನಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಅಂಥವರು ಇನ್ನೂ ಅಗಲವಾಗಿ ಬಳಸಿಕೊಂಡು ಹೋಗಬೇಕು.

ತಲೆ ತಿರುಗಿಸುವುದರ ಮಾತು ಬಂತಲ್ಲ, ಅದನ್ನೇ ಚಾಲಕರು ಒಂದು ಸೂಚನೆ ಅಂತ ಇಟ್ಟುಕೊಳ್ಳಬಹುದು. ಸೈಕಲ್ಲಿಗೆ ಇಂಡಿಕೇಟರ್ ಇಲ್ಲ, ಹೆಚ್ಚಿನವಕ್ಕೆ ಕನ್ನಡಿ ಇಲ್ಲ. ಸವಾರ ಬಲಕ್ಕೆ ತಿರುಗುವ ಮೊದಲು ಕೈ ತೋರಿಸಬೇಕು, ಆದರೆ ರಸ್ತೆ ಕೆಟ್ಟಿದ್ದರೆ ಒಂದು ಕೈ ಬಿಡುವುದು ಆಗುವುದಿಲ್ಲ. ಆಗ ಅವನು ಮಾಡುವುದು ಒಂದೇ, ಪಟ್ಟನೆ ತಲೆ ತಿರುಗಿಸಿ ಹಿಂದೆ ನೋಡುವುದು. ಮುಂದಿರುವ ಸವಾರ ಹಿಂತಿರುಗಿ ನೋಡಿದರೆ ಅವನು ಬಲಕ್ಕೆ ಬರಲಿದ್ದಾನೆ ಅಂತಲೇ ತಿಳಿದುಕೊಳ್ಳಿ, ವೇಗ ತಗ್ಗಿಸಿ. ಪೆಡಲ್ ತುಳಿಯುವುದನ್ನು ನಿಲ್ಲಿಸಿದರೂ ಹಾಗೇ, ಮುಂದೆ ಏನೋ ಕಂಡಿದೆ ಅಂತ ಅರ್ಥ.

ಈಗ ತಿರುವುಗಳು. ಎಡಬದಿಯಲ್ಲಿ ಗಾಡಿ ಓಡಿಸುವ ಕಡೆ ಸೈಕಲ್ಲಿಗೆ ತುಂಬಾ ಅಪಾಯ ಇರುವುದು ಗಾಡಿಗಳು ಎಡಕ್ಕೆ ತಿರುಗುವಾಗ. ಕಾರು ಸೈಕಲ್ಲನ್ನು ಹಿಂದೆ ಹಾಕಿ, ಹತ್ತು ಮೀಟರ್ ಮುಂದೆ ಹೋಗಿ, ಬ್ರೇಕ್ ಹಾಕಿ ಎಡಕ್ಕೆ ತಿರುಗುತ್ತದೆ. ಕಾರಿನವರ ಮನಸ್ಸಿನಲ್ಲಿ ಸೈಕಲ್ ಹಿಂದೆ ಉಳಿದುಹೋಯಿತು. ಆದರೆ ಅದು ಸೆಕೆಂಡಿಗೆ ಐದು ಮೀಟರ್‌ನಂತೆ ಬರುತ್ತಲೇ ಇರುತ್ತದೆ, ಎರಡು ಸೆಕೆಂಡಿನಲ್ಲಿ ಕಾರಿನ ಎಡಬಾಗಿಲಿನ ಹತ್ತಿರ ಇರುತ್ತದೆ. ಸವಾರ ಜೋರಾಗಿ ಮುಂದಿನ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಎದ್ದು ಮಗುಚುತ್ತಾನೆ, ಒತ್ತದಿದ್ದರೆ ಕಾರಿಗೆ ಗುದ್ದುತ್ತಾನೆ. ತಿರುವು ಹತ್ತಿರ ಇದ್ದರೆ ಓವರ್‌ಟೇಕ್ ಮಾಡಲೇಬೇಡಿ. ಸೈಕಲ್ ಹಿಂದೆ ನಿಧಾನವಾಗಿ ಹೋಗಿ, ಅದು ತಿರುವು ದಾಟಿದ ಮೇಲೆ ಎಡಕ್ಕೆ ತಿರುಗಿ. ಬಲಕ್ಕೆ ತಿರುಗುವವರೂ ಎದುರಿನಿಂದ ಬರುವ ಸೈಕಲ್ಲಿನ ವೇಗವನ್ನು ಕಡಿಮೆ ಅಂದಾಜು ಮಾಡುತ್ತಾರೆ. ಸೈಕಲ್ ಅಂದರೆ ನಿಧಾನ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಇಳಿಜಾರಿನಲ್ಲಿ ಅದು 40 ದಾಟಬಹುದು, ಮೋಟಾರ್ ಇರುವ ಸೈಕಲ್‌ಗಳು ಸಮತಟ್ಟಿನಲ್ಲೇ 25ರಲ್ಲಿ ಬರುತ್ತವೆ.

ಲಾರಿ, ಬಸ್ಸು ಓಡಿಸುವವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಉದ್ದದ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರ ಹೋದ ದಾರಿಯಲ್ಲಿ ಹೋಗುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಅವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಆದರೆ ಆ ಒಳಬದಿಯಲ್ಲೇ, ಕ್ಯಾಬಿನ್ನಿನ ಎಡಬಾಗಿಲಿನ ಕೆಳಗೆ, ಕನ್ನಡಿಗೆ ಸಿಗದ ಜಾಗದಲ್ಲಿ ಒಂದು ಸೈಕಲ್ ನಿಂತಿರಬಹುದು. ಈ ಕುರುಡು ಜಾಗಕ್ಕೋಸ್ಕರವೇ ಲಂಡನ್‌ನಲ್ಲಿ 12 ಟನ್ನಿಗಿಂತ ಭಾರದ ಲಾರಿಗಳಿಗೆ, ಚಾಲಕನ ಸೀಟಿನಿಂದ ನೇರವಾಗಿ ಎಷ್ಟು ಕಾಣುತ್ತದೆ ಅನ್ನುವುದರ ಮೇಲೆ ನಕ್ಷತ್ರ ಕೊಟ್ಟು ಪರ್ಮಿಟ್ ಕೊಡುವ ನಿಯಮ ತಂದರು, 2021ರಿಂದ ಅದು ಜಾರಿಯಲ್ಲಿದೆ. ಅಂಥ ನಿಯಮ ಇರಲಿ ಬಿಡಲಿ, ಕ್ಲೀನರ್ ಇದ್ದರೆ ಎಡಕ್ಕೆ ತಿರುಗುವ ಮೊದಲು ಒಮ್ಮೆ ಬಗ್ಗಿ ನೋಡಲು ಹೇಳಬಹುದು. ಯಾರೂ ಇಲ್ಲದಿದ್ದರೆ ಚಾಲಕರೇ ಮುಂದಕ್ಕೆ ಬಾಗಿ ಕನ್ನಡಿಯನ್ನು ಇನ್ನೊಂದು ಕೋನದಿಂದ ನೋಡಬಹುದು. ಹೆದ್ದಾರಿಯಲ್ಲಿ ಇವರ ಗಾಡಿ ದಾಟುವಾಗ ಗಾಳಿಯ ಹೊಡೆತವೂ ಇದೆ. ಲಾರಿಯ ಮೂತಿ ಪಕ್ಕಕ್ಕೆ ಬಂದಾಗ ಗಾಳಿ ಸೈಕಲ್ಲನ್ನು ಆಚೆ ತಳ್ಳುತ್ತದೆ, ಅದನ್ನು ತಡೆಯಲು ಸವಾರ ಬಲಕ್ಕೆ ವಾಲುತ್ತಾನೆ, ಅಷ್ಟರಲ್ಲಿ ಗಾಳಿ ತಿರುಗಿ ಲಾರಿ ಕಡೆಗೇ ಎಳೆಯುತ್ತದೆ. ನಾನು ಇದನ್ನು ಅನುಭವಿಸಿದ್ದೇನೆ. ಕೈ ಬೆವರಿ ಹ್ಯಾಂಡಲ್ ಜಾರುತ್ತದೆ, ಲಾರಿ ಹೋದಮೇಲೂ ಸ್ವಲ್ಪ ಹೊತ್ತು ಕಾಲು ನಡುಗುತ್ತಿರುತ್ತವೆ.

ನಿಂತ ಕಾರು ಕೂಡ ಸೈಕಲ್ಲಿಗೆ ಅಪಾಯವೇ, ಬಾಗಿಲಿನಿಂದ. ರಸ್ತೆ ಪಕ್ಕ ನಿಲ್ಲಿಸಿ, ಫೋನ್ ಜೇಬಿಗೆ ಹಾಕಿಕೊಂಡು, ಬಲಗೈಯಿಂದ ಬಾಗಿಲು ತಳ್ಳಿ ಇಳಿಯುವುದು ಎಲ್ಲರ ಅಭ್ಯಾಸ. ಆ ಬಾಗಿಲಿನ ಅಂಚು ಸರಿಯಾಗಿ ಹ್ಯಾಂಡಲ್ ಎತ್ತರಕ್ಕಿರುತ್ತದೆ. ಸವಾರ ಬಾಗಿಲಿಗೆ ಬಡಿದು ಬೀಳುವುದು ರಸ್ತೆಯ ಕಡೆಗೆ, ಹಿಂದಿನಿಂದ ಬರುತ್ತಿರುವ ಗಾಡಿಯ ಮುಂದಕ್ಕೆ. ಇದಕ್ಕೆ ಒಂದು ಸರಳ ಉಪಾಯ ಇದೆ. ಬಾಗಿಲಿಗೆ ದೂರದ ಕೈಯಿಂದ ಬಾಗಿಲು ತೆರೆಯಿರಿ. ಬಲಬದಿಯಲ್ಲಿ ಕೂತವರು ಎಡಗೈ ಚಾಚಬೇಕು, ಎಡಬದಿಯವರು ಬಲಗೈ. ಕೈ ಚಾಚಿದಾಗ ಮೈ ತಾನಾಗಿ ತಿರುಗುತ್ತದೆ, ತಿರುಗಿದಾಗ ಕಣ್ಣು ಕನ್ನಡಿಯನ್ನೂ ಹಿಂದಿನ ರಸ್ತೆಯನ್ನೂ ನೋಡುತ್ತದೆ. ನೆದರ್ಲೆಂಡ್ಸ್ ಜನರ ಹೆಸರಿನಲ್ಲಿ ‘ಡಚ್ ರೀಚ್’ ಅಂತ ಇದನ್ನು ಕರೆಯುತ್ತಾರೆ, ಬ್ರಿಟನ್ನಿನ ಹೈವೇ ಕೋಡ್ ಕೂಡ 2022ರಲ್ಲಿ ಇದನ್ನು ಸೇರಿಸಿಕೊಂಡಿತು. ಮನೆಯ ಮಕ್ಕಳಿಗೂ ಹೀಗೇ ಕಲಿಸಿ, ಹಿಂದಿನ ಸೀಟಿನಿಂದ ಮೊದಲು ಹಾರಿ ಇಳಿಯುವವರು ಅವರೇ ಅಲ್ವಾ? ಟ್ಯಾಕ್ಸಿ ಓಡಿಸುವವರು ಪ್ರಯಾಣಿಕರಿಗೆ ‘ನೋಡಿಕೊಂಡು ಇಳೀರಿ’ ಅಂತ ಒಂದು ಮಾತು ಹೇಳಿದರೆ ಸಾಕು. ಸೈಕಲ್ ಸವಾರರು ಸಾಲಾಗಿ ನಿಂತ ಕಾರುಗಳಿಂದ ಒಂದು ಮೀಟರ್ ದೂರ ಹೋಗುವುದೂ ಈ ಬಾಗಿಲಿಗೆ ಹೆದರಿಯೇ. ‘ಅಷ್ಟು ಜಾಗ ಇದ್ದರೂ ನಡುವೆ ಬರ್ತಾನೆ ನೋಡು’ ಅಂತ ಹಿಂದಿನವರು ಸಿಟ್ಟಾಗುತ್ತಾರೆ. ಆ ಜಾಗ ಜಾಗವೇ ಅಲ್ಲ.

ಇದೇ ಕಾರಣಕ್ಕೆ ಕಿರಿದಾದ ರಸ್ತೆಯಲ್ಲೂ ತಿರುವಿನ ಹತ್ತಿರವೂ ತಿಳಿದ ಸವಾರರು ಲೇನಿನ ಮಧ್ಯಕ್ಕೆ ಬರುತ್ತಾರೆ. ಅಂಚಿಗೆ ಹೋದರೆ ಯಾರೋ ಒಬ್ಬರು ನುಸುಳಲು ನೋಡುತ್ತಾರೆ ಅಂತ ಗೊತ್ತಿದ್ದೇ ಬರುವುದು. ಇಬ್ಬರು ಅಕ್ಕಪಕ್ಕ ಹೋಗುವುದಕ್ಕೂ ಬೈಗುಳ ಬೀಳುತ್ತದೆ. ಆದರೆ ಅಪ್ಪ ಮಗಳನ್ನು ಎಡಕ್ಕೆ ಹಾಕಿಕೊಂಡು ತಾನು ಬಲಕ್ಕೆ ಹೋಗುತ್ತಿದ್ದರೆ, ಆ ಮಗುವಿಗೆ ರಸ್ತೆಯಲ್ಲಿ ಅದಕ್ಕಿಂತ ಸುರಕ್ಷಿತ ಜಾಗ ಯಾವುದು? ಹತ್ತು ಜನ ಒಬ್ಬರ ಹಿಂದೆ ಒಬ್ಬರು ಹೋದರೆ ನೀವು ದಾಟಬೇಕಾದ ಉದ್ದವೂ ಎರಡರಷ್ಟು. ಹೇಗಿದ್ದರೂ ಪಕ್ಕದ ಲೇನಿಗೆ ಹೋಗಿಯೇ ದಾಟಬೇಕು ಅಂತ ಮೇಲೆ ಲೆಕ್ಕ ಹಾಕಿದೆವಲ್ಲ, ಒಬ್ಬರಿದ್ದರೂ ಇಬ್ಬರಿದ್ದರೂ ವ್ಯತ್ಯಾಸ ಇಲ್ಲ.

ರಾತ್ರಿ ಹೊತ್ತಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಎದುರಿನಿಂದ ಸೈಕಲ್ ಬಂದಾಗಲೂ ಲೈಟನ್ನು ಡಿಪ್ ಮಾಡಿ. ಕಾರು ಬಂದರೆ ಡಿಪ್ ಮಾಡುವವರೇ ಸೈಕಲ್ಲಿಗೆ ಮಾಡುವುದಿಲ್ಲ, ಹೈ ಬೀಮ್ ಬಿದ್ದರೆ ಅವರಿಗೆ ಮುಂದಿನ ರಸ್ತೆ ಅಂಚೇ ಕಾಣುವುದಿಲ್ಲ. ಕತ್ತಲಲ್ಲಿ ಮುಂದೆ ಎರಡು ಸಣ್ಣ ಹಳದಿ ಚುಕ್ಕೆ ಮೇಲೆ ಕೆಳಗೆ ಆಡುತ್ತಿದ್ದರೆ ಅದು ಪೆಡಲಿನ ರಿಫ್ಲೆಕ್ಟರ್, ಅಲ್ಲೊಬ್ಬ ಮನುಷ್ಯ ಇದ್ದಾನೆ.

ವೇಗದ ವಿಷಯ ಮಾತ್ರ ಎಷ್ಟು ಹೇಳಿದರೂ ಕಡಿಮೆ. ಹೈವೇ ಕೋಡಿನ ಲೆಕ್ಕದಲ್ಲಿ ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್ ವೇಗದಲ್ಲಿರುವ ಕಾರು ಅಪಾಯ ಕಂಡ ಮೇಲೆ ನಿಲ್ಲಲು 12 ಮೀಟರ್ ಬೇಕು. 30 ಮೈಲಿಗೆ 23 ಮೀಟರ್. 40 ಮೈಲಿ, ಅಂದರೆ 64 ಕಿಲೋಮೀಟರ್ ಆದರೆ 36 ಮೀಟರ್. ವೇಗ ಎರಡರಷ್ಟಾದರೆ ದೂರ ಮೂರರಷ್ಟು. ಗುದ್ದಿನ ಜೋರು ಇನ್ನೂ ಹೆಚ್ಚು, ವೇಗ ಎರಡರಷ್ಟಾದರೆ ಅದು ನಾಲ್ಕರಷ್ಟಾಗುತ್ತದೆ. ಕಾರಿನೊಳಗೆ ಕೂತವರಿಗೆ ಬೆಲ್ಟಿದೆ, ಏರ್‌ಬ್ಯಾಗಿದೆ, ಸುತ್ತ ಒಂದು ಟನ್ನಿಗೂ ಹೆಚ್ಚು ಕಬ್ಬಿಣ ಇದೆ. ಸೈಕಲ್ ಸವಾರನಿಗೆ ಇರುವುದು ಅಂಗಿ. ಹಾಗೇ 60ರಲ್ಲಿ ಹೋಗುತ್ತಾ ಎರಡು ಸೆಕೆಂಡ್ ಫೋನ್ ನೋಡಿದರೆ ಗಾಡಿ 33 ಮೀಟರ್ ದಾಟಿರುತ್ತದೆ. ಆ 33 ಮೀಟರನ್ನು ಯಾರೂ ನೋಡಿರುವುದಿಲ್ಲ. ಕಣ್ಣು ರಸ್ತೆ ಮೇಲೇ ಇದ್ದರೂ ಒಂದು ತೊಂದರೆ ಇದೆ. ಮುಂದಿನ ಗಾಜಿನ ಪಕ್ಕದ ಕಂಬದ ಹಿಂದೆ ಒಂದು ಸೈಕಲ್ ಪೂರ್ತಿ ಮರೆಯಾಗಬಹುದು, ಎರಡೂ ಚಲಿಸುತ್ತಿದ್ದರೆ ಸ್ವಲ್ಪ ಹೊತ್ತು ಮರೆಯಾಗಿಯೇ ಉಳಿಯಬಹುದು. ಅದಕ್ಕೆ ಕೂಡುರಸ್ತೆಯಲ್ಲಿ ಬರೀ ಕಣ್ಣು ಹೊರಳಿಸದೆ ತಲೆಯನ್ನು ಹಿಂದೆ ಮುಂದೆ ಮಾಡಿ, ಎರಡು ಸಲ ನೋಡಬೇಕು.

‘ಸೈಕಲ್‌ನವರು ಮಾತ್ರ ಸರಿ ಇದ್ದಾರಾ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಇಲ್ಲ, ಎಲ್ಲರೂ ಸರಿ ಇಲ್ಲ. ರಾಂಗ್ ಸೈಡಿನಲ್ಲಿ ಬರುವುದು, ಕೆಂಪು ಸಿಗ್ನಲ್ ಹಾರಿಸುವುದು, ದೀಪ ಇಲ್ಲದೆ ಕತ್ತಲಲ್ಲಿ ಹೋಗುವುದು, ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದು, ಎಲ್ಲವೂ ತಪ್ಪು, ಅವರಿಗೂ ಹೇಳಬೇಕು. ಆದರೆ ಸೈಕಲ್ ಸವಾರ ತಪ್ಪು ಮಾಡಿದರೆ ಸಾಮಾನ್ಯವಾಗಿ ಪೆಟ್ಟಾಗುವುದು ಅವನಿಗೇ. ಚಾಲಕ ತಪ್ಪು ಮಾಡಿದರೂ ಪೆಟ್ಟಾಗುವುದು ಸೈಕಲ್ ಸವಾರನಿಗೇ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. ನೆದರ್ಲೆಂಡ್ಸ್‌ನ ಕಾನೂನು ಇದನ್ನು ಒಪ್ಪಿಕೊಂಡಿದೆ. ಅಲ್ಲಿ ಮೋಟಾರು ಗಾಡಿ ಸೈಕಲ್ಲಿಗೆ ಗುದ್ದಿದರೆ ಪರಿಹಾರದ ಹೊಣೆ ಮೊದಲು ಗಾಡಿಯವರ ಮೇಲೇ ಬೀಳುತ್ತದೆ, ತಪ್ಪಿಸಲು ಸಾಧ್ಯವೇ ಇರಲಿಲ್ಲ ಅಂತ ತೋರಿಸಬೇಕಾದವರು ಅವರು. ಸವಾರ 14 ವರ್ಷದೊಳಗಿನ ಮಗುವಾಗಿದ್ದರೆ ಹೊಣೆಯಿಂದ ತಪ್ಪಿಸಿಕೊಳ್ಳುವುದು ಇನ್ನೂ ಕಷ್ಟ. ಆ ದೇಶ ಮೊದಲಿಂದಲೂ ಹೀಗಿರಲಿಲ್ಲ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ನೂರಾರು ಮಕ್ಕಳು. ಆಮೇಲೆ ಅಪ್ಪ ಅಮ್ಮಂದಿರು ಬೀದಿಗಿಳಿದು ಮಕ್ಕಳ ಸಾವು ನಿಲ್ಲಿಸಿ ಅಂತ ಚಳವಳಿ ಮಾಡಿದರು. ಅಲ್ಲಿಂದ ರಸ್ತೆ ಬದಲಾಯಿತು.

ಸೈಕಲ್‌ಗಳು ಹೆಚ್ಚಿದಷ್ಟೂ ಒಬ್ಬೊಬ್ಬ ಸವಾರನಿಗಿರುವ ಅಪಾಯ ಕಡಿಮೆ ಆಗುತ್ತದೆ ಅಂತ ಪೀಟರ್ ಜೇಕಬ್ಸನ್ ಅನ್ನುವವರು 2003ರಲ್ಲಿ ಹಲವು ಊರು, ದೇಶಗಳ ಅಂಕಿಅಂಶ ಇಟ್ಟುಕೊಂಡು ತೋರಿಸಿದ್ದರು. ಹೆಚ್ಚು ಸೈಕಲ್ ಕಂಡರೆ ಚಾಲಕರು ಅದನ್ನು ನಿರೀಕ್ಷಿಸುತ್ತಾರೆ ಅನ್ನುವುದು ಅವರ ವಿವರಣೆ. ಆದರೆ ಹೆದರಿಕೆ ಇರುವ ರಸ್ತೆಗೆ ಸೈಕಲ್ ಯಾಕೆ ಬರುತ್ತದೆ? ಮಗುವನ್ನು ಸೈಕಲ್‌ನಲ್ಲಿ ಶಾಲೆಗೆ ಕಳಿಸಲು ಹೆದರುವ ತಾಯಿ ಕಾರಿನಲ್ಲಿ ಬಿಟ್ಟು ಬರುತ್ತಾಳೆ, ರಸ್ತೆಗೆ ಇನ್ನೊಂದು ಕಾರು ಸೇರುತ್ತದೆ, ಪಕ್ಕದ ಮನೆಯವರು ಅದನ್ನು ನೋಡಿ ಹೆದರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಜಗತ್ತಿನ ರಸ್ತೆಗಳಲ್ಲಿ ಸಾಯುತ್ತಾರೆ, ಅವರಲ್ಲಿ ಶೇ 6ರಷ್ಟು ಜನ ಸೈಕಲ್ ಮೇಲಿದ್ದವರು. ಯಾರಿಗೂ ಏನೂ ಮಾಡದೆ, ಹೊಗೆಯೂ ಉಗುಳದೆ, ತಮ್ಮ ಪಾಡಿಗೆ ತುಳಿದುಕೊಂಡು ಹೋಗುತ್ತಿದ್ದವರು.

ಕೊನೆಗೆ ನಿಮ್ಮ ಪತ್ರಿಕೆಯಲ್ಲೇ ಎರಡು ಕೋರಿಕೆ. ಸೈಕಲ್ ಸವಾರರಿಗೆ ಗಾಡಿ ಗುದ್ದಿದ ಸುದ್ದಿ ಹಾಕುವಾಗ ಸವಾರ ಹೆಲ್ಮೆಟ್ ಹಾಕಿದ್ದನೇ ಇಲ್ಲವೇ ಅನ್ನುವುದರ ಜೊತೆಗೆ ಬೇರೆ ವಿಷಯವನ್ನೂ ಕೇಳಿ ಬರೆಯಿರಿ. ಆ ರಸ್ತೆಯ ವೇಗಮಿತಿ ಎಷ್ಟು, ಗಾಡಿ ಓವರ್‌ಟೇಕ್ ಮಾಡುತ್ತಿತ್ತೇ, ಎಡಕ್ಕೆ ತಿರುಗುತ್ತಿತ್ತೇ, ಬಾಗಿಲು ತೆರೆದದ್ದೇ, ಬೀದಿದೀಪ ಉರಿಯುತ್ತಿತ್ತೇ, ಅಂಚಿನಲ್ಲಿ ಗುಂಡಿ ಇತ್ತೇ. ಇದನ್ನು ದಿನಾ ಓದಿದರೆ ಓಡಿಸುವವರಿಗೂ ಎಲ್ಲಿ ಎಚ್ಚರ ಬೇಕು ಅಂತ ಗೊತ್ತಾಗುತ್ತದೆ, ರಸ್ತೆ ಮಾಡಿಸುವವರಿಗೂ ಗೊತ್ತಾಗುತ್ತದೆ. ಎರಡನೆಯದು, ಪತ್ರಿಕೆ ಹಂಚುವ ಹುಡುಗರ ಬಗ್ಗೆ. ಬೆಳಕು ಹರಿಯುವ ಮೊದಲೇ, ಕ್ಯಾರಿಯರ್ ತುಂಬ ಪೇಪರ್ ಕಟ್ಟು ಹೇರಿಕೊಂಡು, ಖಾಲಿ ರಸ್ತೆ ಅಂತ ಎಲ್ಲರೂ ಜೋರಾಗಿ ಓಡಿಸುವ ಹೊತ್ತಿನಲ್ಲೇ ಅವರು ಸೈಕಲ್‌ನಲ್ಲಿ ಹೋಗುವುದು. ಅವರ ಸೈಕಲ್‌ಗಳಿಗೆ ಹಿಂದೆ ಒಂದು ಕೆಂಪು ದೀಪ, ಮುಂದೆ ಒಂದು ಬಿಳಿ ದೀಪ ಪತ್ರಿಕೆಯ ಕಡೆಯಿಂದಲೇ ಕೊಡಿಸಿ. ಹಿಂದಿನ ದೀಪವನ್ನು ಮಡ್‌ಗಾರ್ಡಿಗೆ ಹಾಕಿಸಿ, ಕ್ಯಾರಿಯರ್‌ಗೆ ಹಾಕಿದರೆ ಪೇಪರ್ ಕಟ್ಟು ಅದನ್ನು ಮುಚ್ಚಿಬಿಡುತ್ತದೆ.

ಇಂತಿ,
ನಿಮ್ಮ ಪತ್ರಿಕೆಯ ಒಬ್ಬ ಓದುಗ